ಮಹಡಿ ಮೇಲಿನ ಗುಡಿ

ತೋರಣಗಲ್ಲಿನ ನನ್ನ ಮನೆಯ ಮಹಡಿ
ಬಾಡಿಗೆಗೆ ಕೊಟ್ಟದ್ದು ಸಂಸಾರಕ್ಕೆ;
ಎರಡನೇ ಭಾನುವಾರ ಅದು ಗುಡಿ.
ತೆನ್ರಿಕ್ಯೋ ಅಂತೆ. ಗಂಟೆಯಿಲ್ಲ,
ಕಟ್ಟಿಗೆಯ ಎರಡು ತುಂಡು, ಟಕ್, ಟಕ್.
ಸಾತೋಮಿ, ಕುಲುಮೆಯ ಇಂಜಿನಿಯರ್ ಗಂಡ,
ಕ್ಯಾಂಟೀನಿನ ಯಂಕೋಬ, ಇನ್ನಿಬ್ಬರು,
ಕೂತು, ಅಂಗೈಯಿಂದ ಎದೆಯ ಮೇಲಿನ ಏನನ್ನೋ
ಮೆಲ್ಲಗೆ ಜಾಡಿಸುತ್ತಾರೆ, ಮತ್ತೆ ಮತ್ತೆ.

'ಅದಿರಿನ ಧೂಳೇನು?' ಕೇಳಿದಳು ಮಾರೆಕ್ಕ,
ಲಾರಿ ರಸ್ತೆ ಗುಡಿಸುವಾಕೆ, ನೀರಿಗೆಂದು ಬಂದವಳು.
'ಮನಸಿಂದು,' ಸಾತೋಮಿಯ ಹರಕು ಕನ್ನಡ,
'ಜಿಪುಣತನ, ಸಿಟ್ಟು, ಹಮ್ಮು. ದಿನಾ ಕೂರ್ತದೆ.
ಬೀದಿ ಗುಡಿಸಿದರೂ ಪೂಜೆ.'

ಮಾರೆಕ್ಕ ಸೆರಗಲ್ಲಿ ಕೆಂಪು ಬಾಯಿ ಒರೆಸಿದಳು:
'ಹಂಗಾದ್ರ ಇಪ್ಪತ್ತೆರಡು ವರ್ಷದ ಪೂಜಾರಿ ನಾನು.
ನಾಕು ತಿಂಗಳ ದಕ್ಷಿಣೆ ಬಾಕಿ ಐತಿ,
ಕೇಳವ್ವ ನಿಮ್ಮ ದ್ಯಾವರ್ನ.'

ಯಾರೂ ಮಾತಾಡಲಿಲ್ಲ.
ಊಟಕ್ಕೆ ಸಾಲು ಒಂದೇ. ಅನ್ನ, ಸೋರೆಕಾಯಿ, ನನ್ನ ಶೇಂಗಾ ಹಿಂಡಿ.
ಮಾರೆಕ್ಕನ ಪಕ್ಕ ಕೂತೆ ನಾನು.
ಮೊದಲ ಸಲ.

ಸೋಮವಾರ ಐದಕ್ಕೆ, ಬೀದಿದೀಪ ಆರುವ ಮುಂಚೆ,
ರಸ್ತೆಯಲ್ಲಿ ಸಾತೋಮಿ, ಕೈಯಲ್ಲಿ ಹೊಸ ಕಸಬರಿಗೆ.
ಮಾರೆಕ್ಕ ಅದನ್ನು ಕಸಿದು, ಕಟ್ಟು ಬಿಗಿದು, ತಿರುಗಿ ಕೊಟ್ಟಳು:
'ಬಗ್ಗಿ ಹಿಡಿ. ಆ ಬದಿ ನಿಂದು.'

ಮೆಟ್ಟಿಲಲ್ಲಿ ನಿಂತಿದ್ದೆ ನಾನು, ಬರಿಗೈಲಿ,
ಲಾರಿ ಹೋದ ಮೇಲೆ ಧೂಳು
ಎಲ್ಲಿ ಕೂರುತ್ತದೆಂದು ನೋಡುತ್ತ.