ಮಂಚದಡಿಯ ಭರಣಿಗಳು

ಮಂಚದಡಿ ಒಂಬತ್ತು ಗಾಜಿನ ಭರಣಿ.
ಎಲ್ಲದರಲ್ಲೂ ಹುರಿಯದ ಕಾಫಿಬೀಜ:
ಹುರಿದದ್ದು ವಾರಗಳಲ್ಲೇ ಪ್ರಾಣ ಬಿಡುತ್ತದೆ,
ಹಸಿಯದು ಕಾಯುತ್ತದೆ, ವರ್ಷಗಟ್ಟಲೆ.
ಮುಚ್ಚಳದ ಸುತ್ತ ಮೇಣ, ಮೇಲೊಂದು ಚೀಟಿ,
ತಿಂಗಳು, ವರ್ಷ, ತೂಕ.

"ಹಿಟ್ಟು ಸರಿ, ನೀರು ಸರಿ, ಬ್ಯಾಟರಿಯೂ ಸರಿ,
ಕಾಫಿ ಯಾಕಜ್ಜಿ?" ಅನ್ನುತ್ತಾಳೆ ಬೆಲ್ಮಾ
ಕಸಬರಿಗೆಯ ತುದಿಯಿಂದ ಒಂದನ್ನು ಹೊರಗೆಳೆಯುತ್ತ.

ಸರಾಯೆವೊ ಮುತ್ತಿಗೆಯ ಎರಡನೇ ಚಳಿಗಾಲ.
ಮುನೆವೆರಾ ಬೇಳೆ ಹುರಿದಿದ್ದಳು, ಕಪ್ಪಾಗುವ ತನಕ.
ಹಿತ್ತಾಳೆಯ ಕೈಗಿರಣಿಗೆ ಹಾಕಿ ತಿರುವಿ
ಕುದಿಸಿದರೆ ಬಣ್ಣ ಬಂತು. ಬಣ್ಣವಷ್ಟೇ ಬಂತು.
ಕಿಟಕಿಗೆ ಗಾಜಿಲ್ಲ, ಪ್ಲಾಸ್ಟಿಕ್ ಹಾಳೆ ಪಟಪಟ.
ಅಂದು ಒಲೆಗೆ ಬಿದ್ದದ್ದು ಗಂಡನ ಎಡಗಾಲಿನ ಬೂಟು;
ಬಲಗಾಲಿನದು ನಾಳೆಗೆ.

ಆಗ ಮೂರನೇ ಮಹಡಿಯ ಲ್ಯೂಬಿತ್ಸಾ
ಕತ್ತಲಲ್ಲಿ ಗೋಡೆ ಸವರುತ್ತ ಇಳಿದು ಬಂದು
ಮುಷ್ಟಿ ಬಿಚ್ಚಿದಳು:
ಹದಿನೇಳು ಬೀಜ. ಬೆವರಿಗೆ ಒದ್ದೆ.
"ಒಬ್ಬಳೇ ಕುಡಿಯೋಕೆ ನಾಚಿಕೆ ಆಯ್ತು ಕಣೇ."

ಇದನ್ನೆಲ್ಲ ಬೆಲ್ಮಾಗೆ ಹೇಳುವುದಿಲ್ಲ.
"ಮುಟ್ಟಬೇಡ, ಸಾಲು ತಪ್ಪುತ್ತೆ." ಅಷ್ಟೇ.

ತಿಂಗಳ ಮೊದಲ ದಿನ ಎಲ್ಲಕ್ಕಿಂತ ಹಳೆಯ ಭರಣಿ ತೆರೆದು
ಬಾಣಲೆಯಲ್ಲಿ ಹುರಿಯುತ್ತಾಳೆ, ಗೋಣಿವಾಸನೆ ಎಂದು ಬೈಯುತ್ತ.
ಹೊಸದೊಂದು ಗೋಡೆಯ ಕಡೆಗೆ ಸೇರುತ್ತದೆ.
ಲ್ಯೂಬಿತ್ಸಾ ಹೋಗಿ ಹನ್ನೊಂದು ವರ್ಷ.
ಮೂರನೇ ಮಹಡಿಯಲ್ಲೀಗ ಯಾರೋ ಹುಡುಗ,
ಹೆಸರು ಕೇಳಿಲ್ಲ,
ರಾತ್ರಿಯೆಲ್ಲ ಕೆಮ್ಮುತ್ತಾನೆ.

ತಾಮ್ರದ ತಟ್ಟೆಯ ಮೇಲೆ ಹಿಡಿಯಿಲ್ಲದ ಪುಟ್ಟ ಬಟ್ಟಲು.
ಮತ್ತೆ ಕೆಮ್ಮು.
ಬಾಣಲೆ ಇಳಿಸಿ, ಮೆಟ್ಟಿಲ ಕಡೆ ಕಿವಿಯಿಟ್ಟು,
ಮುನೆವೆರಾ ಎರಡನೆಯ ಬಟ್ಟಲನ್ನು
ಸೆರಗಿಲ್ಲದ ಅಂಗಿಯ ತುದಿಯಿಂದ ಒರೆಸುತ್ತಾಳೆ.