ಹದಿಮೂರು ಹೆಚ್ಚು

ಐವತ್ತೆಂಟು.
ಪಕ್ಕದಲ್ಲೊಂದು ಚುಕ್ಕೆ, ಕಪ್ಪಗೆ,
ಮೊರದ ಅಕ್ಕಿಯಲ್ಲಿ ಕಂಡ ನುಸಿಯ ಹಾಗೆ.
ನಲವತ್ತೈದರ ತನಕ ಸರಿಯಂತೆ.
ಅಲ್ಲಿಗೆ ಹದಿಮೂರು ಹೆಚ್ಚು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಇಪ್ಪತ್ತೆರಡು ವರ್ಷ ತೂಕ ಹಾಕಿದವನು ನಾನು.
ತಟ್ಟೆಯ ತೂಕ ಕಳೆದು, ತೇವದ ತೂಕ ಕಳೆದು,
ಕೆಂಪು ಅಂಕಿ ನಿಲ್ಲುವ ಮೊದಲು ನಡುಗುವಾಗ
'ಇರಲಿ ಬಿಡಪ್ಪ, ನೂರು ಗ್ರಾಮಿಗೆ ಯಾಕೆ ಜಗಳ'
ಅಂತ ಎಷ್ಟು ಜನಕ್ಕೆ ಹೇಳಿದ್ದೇನೆ.
ಅದು ಅವರ ಗೂಡು.
ಇದು ಪಕ್ಕೆಲುಬಿನ ಕೆಳಗೆ, ನನ್ನದು.

ಡಾಕ್ಟರ್ ವನಜಾಕ್ಷಿ ಚೀಟಿ ನೋಡಿದ್ದು
ಹರಾಜಿನ ಒಂದು ಕೂಗಿನಷ್ಟು ಹೊತ್ತು.
'ಸ್ವಲ್ಪ ಜಾಸ್ತಿ. ಏನಿಲ್ಲ. ಮಾತ್ರೆ ನಿಲ್ಲಿಸಬೇಡಿ.
ಆರು ವಾರ ಬಿಟ್ಟು ಇನ್ನೊಂದು ಸಲ ನೋಡೋಣ.'
ಏನಿಲ್ಲದ್ದನ್ನು
ಇನ್ನೊಂದು ಸಲ ಯಾಕೆ ನೋಡುತ್ತಾರೆ?
ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಮುಂದಿನವರು
ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

ಕೊಬ್ಬು ಇಳಿಸುವ ಮಾತ್ರೆ.
ಸಾಸಿವೆಗೆ ದೊಡ್ಡದು, ಅವರೆಕಾಳಿಗೆ ಸಣ್ಣದು,
ನಡುವೆ ಮುರಿಯಲೆಂದು ಒಂದು ಗೆರೆ.
ಅಂಗಡಿಯವನು ಚಿಲ್ಲರೆ ಇಲ್ಲವೆಂದು ಇಡೀ ಡಬ್ಬಿಯನ್ನೇ ಕೊಟ್ಟ.
ಕೊಡಬಾರದಿತ್ತು.
ಒಳಗೆ ಮಡಚಿಟ್ಟ ಕಾಗದ, ಬಿಡಿಸಿದಷ್ಟೂ ಉದ್ದ,
ಇರುವೆ ಸಾಲಿನಂಥ ಇಂಗ್ಲಿಷು.
ಬಾಮೈದನ ಮಗಳು ಹೇಮಾವತಿ, ಪಿಯುಸಿ ವಿಜ್ಞಾನ,
ಗೋಡೆಗೊರಗಿ ಓದಿ ಹೇಳಿದಳು:
ಮಾಂಸಖಂಡದ ನೋವು, ಹೊಟ್ಟೆ ತೊಳಸು, ನಿದ್ದೆಗೇಡು...
ಆಮೇಲೆ ದನಿ ತಗ್ಗಿಸಿ,
'ಮಿಕ್ಕಿದ್ದೆಲ್ಲ ಅಪರೂಪ, ಮಾಮ.'
ಅಪರೂಪ ಅಂದರೆ ಎಷ್ಟೇ?
'ಸಾವಿರಕ್ಕೆ ಒಬ್ಬರು.'

ಕಿಲೋಗೆ ಆರುನೂರು ಗೂಡು ತೂಗುತ್ತದೆ.
ಎರಡು ಕಿಲೋದೊಳಗೆ ಒಂದು.
ಒಳಗೇ ಸತ್ತು, ಕೊಳೆತು, ಸುತ್ತಲ ಹತ್ತಕ್ಕೆ ಕಲೆ ಹಚ್ಚುವ ಹುಳವನ್ನು
ನಾನು ದಿನಾ ಹೆಕ್ಕಿ ಎಸೆಯುತ್ತೇನೆ.
ಎರಡು ಕಿಲೋಗೆ ಬರೀ ಒಂದು ಸಿಕ್ಕಿದ ದಿನ
ನನಗೆ ನೆನಪಿಲ್ಲ.

ಅವತ್ತಿಂದ ಭುಜ ನೋಯುತ್ತಿದೆ.
ಮುಂಚೆಯೂ ನೋಯುತ್ತಿತ್ತೇ?
ಈ ನೋವು ಮಾತ್ರೆಯದೋ, ತಟ್ಟೆ ಎತ್ತಿದ್ದೋ,
ಅವಳು ಓದಿದ್ದನ್ನು ಕೇಳಿದ್ದೋ.
ನಸುಕಿಗೆದ್ದು ಮೊಬೈಲಿನ ಬೆಳಕಲ್ಲಿ
ಉಚ್ಚೆಯ ಬಣ್ಣ ನೋಡುತ್ತೇನೆ.
ಸ್ಕೂಟರಿನ ಕನ್ನಡಿಯಲ್ಲಿ ರೆಪ್ಪೆ ಎಳೆದು ಕಣ್ಣಿನ ಬಿಳಿ ನೋಡುತ್ತೇನೆ.
ಭಾನುವಾರ ಖಾದರನ ಅಂಗಡಿಯಲ್ಲಿ
ಕೊಕ್ಕೆಗೆ ನೇತಾಡುವ ಈಲಿ ಕಂಡು,
ಕೆಂಪಗೆ, ನುಣ್ಣಗೆ, ತಪ್ಪೇ ಮಾಡದ್ದರ ಹಾಗೆ,
ಕಾಲು ಕಿಲೋ ಕೇಳಬೇಕೆಂದು ಹೋದವನು
ಕೈಮಾ ತಂದೆ.

ಅಮರಾವತಿ ಕೆರೆ ಏರಿಗೆ ಹೋಗಿ ನೆಲನೆಲ್ಲಿ ಕಿತ್ತು ತಂದಳು,
ಅರೆದು ಮಜ್ಜಿಗೆಯಲ್ಲಿ ಕದಡಿದಳು.
'ಕುಡೀರಿ, ಇದಕ್ಕೇನೂ ಆಗಲ್ಲ.'
ಇದಕ್ಕೂ ಒಂದು ಕಾಗದ ಇರಬೇಕಲ್ಲವೇನೇ, ಅಂದೆ.
ಲೋಟ ಕುಕ್ಕಿ ಒಳಗೆ ಹೋದಳು.
ಕುಡಿದೆ. ಡಾಕ್ಟರಿಗೆ ಹೇಳಬೇಕೋ ಬೇಡವೋ,
ಈಗ ಅದೊಂದು ಬೇರೆ.

ಗೂಡು ಕೊಳ್ಳಲು ಬಂದ ರೀಲರ್ ನಯಾಜ್ ಪಾಷ,
ಚಹಾದ ಲೋಟ ಊದುತ್ತಾ,
'ನಂದು ಎಪ್ಪತ್ತಿತ್ತು ಸಾರ್. ಬಿಟ್ಟುಬಿಟ್ಟೆ' ಅಂದ.
ಬಿಟ್ಟಿದ್ದು ಮಾತ್ರೆಯನ್ನೋ, ಯೋಚನೆಯನ್ನೋ?
ಕೇಳುವಷ್ಟರಲ್ಲಿ ಹರಾಜಿನ ಗಂಟೆ ಹೊಡೆಯಿತು.

ರಾತ್ರಿ ಮುದ್ದೆ ಉಂಡು, ಕೈತೊಳೆದು,
ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡು ಕೂತಿರುತ್ತೇನೆ.
ನಿಲ್ಲಿಸಿದರೆ ಹೃದಯ, ನುಂಗಿದರೆ ಈಲಿ.
ಒಳಗಿನವರಿಬ್ಬರಿಗೆ ಪಂಚಾಯಿತಿ ಮಾಡುವವನು ಯಾರು.
ನುಂಗುತ್ತೇನೆ, ದಿನಾ.
ಆ ಗೆರೆಯ ಮೇಲೆ ಉಗುರಿಟ್ಟು ನೋಡಿ, ನುಂಗುತ್ತೇನೆ.

ಇವತ್ತು ದಿಬ್ಬೂರಹಳ್ಳಿ ಕಡೆಯ ಹೆಂಗಸೊಬ್ಬಳು
ತಟ್ಟೆಯ ಅಂಚು ಬಿಡಲಿಲ್ಲ.
'ಮನೇಲಿ ತೂಗಿದಾಗ ಜಾಸ್ತಿ ಇತ್ತಣ್ಣ, ನೂರು ಗ್ರಾಂ.'
ಇರಲಿ ಬಿಡಮ್ಮ ಅನ್ನಲು ಬಾಯಿ ತೆರೆದೆ.
ಅನ್ನಲಿಲ್ಲ.
ತಟ್ಟೆ ಇಳಿಸಿ, ಮತ್ತೆ ಏರಿಸಿದೆ. ಮತ್ತೊಮ್ಮೆ.
ಹಿಂದಿನ ಸಾಲಿನವರು ಗೊಣಗಿದರು.

ಮೂರು ಸಲ ತೂಗಿದೆ.
ಮೂರೂ ಬೇರೆ ಬೇರೆ ಬಂತು.
ನಡುವಿನದನ್ನು ಬರೆದುಕೊಂಡೆ.