ನಡಾವಳಿಯಲ್ಲಿ ಬರೆಯದ್ದು

ನಾನು ನಡಾವಳಿ ಬರೆಯುವವನು.
ಹತ್ತೊಂಬತ್ತು ವರ್ಷ ಇದೇ ಮೇಜು, ಇದೇ ಮೂಲೆ,
ಲ್ಯಾಂಕಾಶೈರಿನ ಈ ಸಣ್ಣ ಊರಿನ ಕೌನ್ಸಿಲ್ಲಿನಲ್ಲಿ.
ಯಾರು ಏನಂದರು ಅನ್ನುವುದು ನನಗೆ ಬೇಡ,
ಕಡೆಗೆ ಏನು ಠರಾವಾಯಿತು, ಅಷ್ಟೇ.
ಕೆಮ್ಮು ಬರೆಯುವುದಿಲ್ಲ. ನಗು ಬರೆಯುವುದಿಲ್ಲ.
ಕಿಟಕಿಯಾಚೆ ಕಡಲಹಕ್ಕಿ ಯಾರದೋ ಕೈಯ ಚಿಪ್ಸ್ ಕಸಿದದ್ದೂ
ಬರೆಯುವುದಿಲ್ಲ.

ಮಂಗಳವಾರ. ವಿಷಯ ಏಳು: ಉಳಿತಾಯ.
ಪಟ್ಟಿ ತಂದವರು ಲಂಡನ್ನಿನ ಸಲಹೆಗಾರರು,
ಇಬ್ಬರು ಹುಡುಗರು, ಇಬ್ಬರಿಗೂ ಒಂದೇ ಬಗೆಯ ಷೂ.
ಪಟ್ಟಿ ಮಾಡಿದ್ದಕ್ಕೆ ನಲವತ್ತೆಂಟು ಸಾವಿರ ಪೌಂಡು.
ಅದರ ಹದಿನಾಲ್ಕನೇ ಸಾಲಿನಲ್ಲಿ
ಎನಿಡ್ ಹೆಸ್ಕೆತ್,
ಶಾಲೆಯೆದುರು ಮಕ್ಕಳನ್ನು ರಸ್ತೆ ದಾಟಿಸುವಾಕೆ:
ವರ್ಷಕ್ಕೆ ನಾಲ್ಕು ಸಾವಿರದ ನೂರು.
ಹೆಸರೇನೂ ಇರಲಿಲ್ಲ, ಸುಳ್ಳು ಹೇಳಬಾರದು.
"ಒಂದು ಹುದ್ದೆ, ಅರೆಕಾಲಿಕ" ಅಂತಿತ್ತು.
ಹೆಸರು ನಾನೇ ಹಾಕಿಕೊಂಡೆ, ಮನಸ್ಸಿನಲ್ಲಿ.

"ಕಷ್ಟಕಾಲ. ಎಲ್ಲರೂ ಹೆಗಲು ಕೊಡಬೇಕು,"
ಅಂದರು ಕೌನ್ಸಿಲರ್ ರಾಮ್ಸ್‌ಬಾಟಮ್.
ಎಲ್ಲರೂ ಅನ್ನುವ ಮಾತು ಬಂದಾಗಲೆಲ್ಲ
ಸಭೆಯಲ್ಲಿ ಇಲ್ಲದವರನ್ನು ಎಣಿಸುವುದು ನನಗೆ ರೂಢಿ.

ವಿಷಯ ಎಂಟು: ಬೀದಿದೀಪದ ಗುತ್ತಿಗೆ, ಹತ್ತು ವರ್ಷಕ್ಕೆ.
ಬಂದ ಟೆಂಡರು ಒಂದೇ. ಪಿಯರ್ಸ್ ಥಾರ್ನ್‌ಲಿಯವರ ಕಂಪನಿ.
ಹೋದ ಬೇಸಿಗೆಯವರೆಗೂ ಅದು
ಮದುವೆಗಳಿಗೆ ಶಾಮಿಯಾನ ಬಾಡಿಗೆ ಕೊಡುತ್ತಿತ್ತು.
ಚುನಾವಣೆಗೆ ಮುನ್ನ ಪಕ್ಷಕ್ಕೆ ಅವರಿಂದ ಇಪ್ಪತ್ತೈದು ಸಾವಿರ.
ರಸೀದಿ ಇದೆ, ದಾಖಲೆ ಇದೆ,
ಯಾರು ಬೇಕಾದರೂ ತೆಗೆದು ನೋಡಬಹುದು.
ಕದ್ದುಮುಚ್ಚಿ ಮಾಡಿದ್ದೇನೂ ಅಲ್ಲ.
ಅದೇ ನನ್ನ ಕಷ್ಟ.
ಕದ್ದಿದ್ದರೆ ಹಿಡಿಯಬಹುದಿತ್ತು.

"ಹಿತಾಸಕ್ತಿ ಇರುವವರು ಘೋಷಿಸಿ," ಅಂದರು ಅಧ್ಯಕ್ಷರು.
ರೇಡಿಯೇಟರು ಟಿಕ್ ಟಿಕ್ ಅಂದಿತು.
ನಾನು ಬರೆದೆ: ಇಲ್ಲ.

ಬಡಿಸುವವನು ನಮ್ಮವನಾದರೆ ಕಡೇ ಪಂಕ್ತಿಗೂ ತುಪ್ಪ.
ಎನಿಡ್ ಕೂತ ಸಾಲಿಗೆ
ಹೊಟ್ಟೆ ಮೇಲೆ ತಣ್ಣೀರು ಬಟ್ಟೆ.
ಆಮೇಲೆ ಟೀ ಬಂತು. ಬಿಸ್ಕೆಟ್ಟೂ ಬಂತು,
ಉಳಿತಾಯದ ಲೆಕ್ಕದಲ್ಲಿ ಈ ಸಲ ಚಾಕೊಲೇಟ್ ಇಲ್ಲದ್ದು.
ನಾನೂ ಎರಡು ತಿಂದೆ.

ಶುಕ್ರವಾರ ಆಕೆ ಕೋಲು ಒಪ್ಪಿಸಲು ಬಂದಳು.
ಹಳದಿ ಕೋಟು ಒಗೆದು, ಇಸ್ತ್ರಿ ಹಾಕಿ, ಮಡಿಸಿ,
ದುಂಡು ಫಲಕದ ಆ ಉದ್ದ ಕೋಲನ್ನು ಬಸ್ಸಿನಲ್ಲೇ ಹೊತ್ತು.
ಡ್ರೈವರು ಅದಕ್ಕೂ ಟಿಕೆಟ್ಟು ಕೇಳಿದನಂತೆ, ತಮಾಷೆಗೆ.
ಉಗ್ರಾಣದವನು ಸಿಗಲಿಲ್ಲ; ರಸೀದಿ ನಾನೇ ಬರೆದೆ:
ಕೋಲು ಒಂದು. ಕೋಟು ಒಂದು. ಟೋಪಿ ಒಂದು.
ಇನ್ನೇನು ಹೊರಟವಳು ಬಾಗಿಲಲ್ಲಿ ನಿಂತು,
"ನಿನ್ನನ್ನೂ ದಾಟಿಸಿದ್ದೇನೆ, ನೆನಪಿದೆಯಾ?
ಬಲಕ್ಕೊಮ್ಮೆ ನೋಡು, ಎಡಕ್ಕೊಮ್ಮೆ ನೋಡು ಅಂದರೆ
ನನ್ನ ಮುಖವನ್ನೇ ನೋಡುತ್ತಿದ್ದೆ ನೀನು,
ಹೋಗು ಅನ್ನುವ ತನಕ."
ಬಯ್ಗುಳವಲ್ಲ ಅದು. ನಗುತ್ತಲೇ ಅಂದಳು.

ಉಗ್ರಾಣದವನೂ ಪಟ್ಟಿಯಲ್ಲಿದ್ದನೆಂದು ಆಮೇಲೆ ತಿಳಿಯಿತು.
ಇಪ್ಪತ್ತೆರಡನೇ ಸಾಲು; ಅದನ್ನು ಬೆರಳಚ್ಚು ಮಾಡಿದವನು ನಾನೇ.
ಕೋಲು ಈಗ ನನ್ನ ಮೂಲೆಯಲ್ಲಿ ಗೋಡೆಗೊರಗಿದೆ.
ತಲೆಯೆತ್ತಿದಾಗಲೆಲ್ಲ "ನಿಲ್ಲಿ" ಅನ್ನುತ್ತದೆ,
ಫೈಲು ತರುವ ಹುಡುಗಿ ಒಮ್ಮೆ ನಿಜಕ್ಕೂ ನಿಂತಳು.

ನಾಳೆ ಹಿಂದಿನ ಸಭೆಯ ನಡಾವಳಿ ಓದಿ ಒಪ್ಪಿಸಬೇಕು.
"ನಡೆದದ್ದರ ಯಥಾವತ್ ದಾಖಲೆ" ಎಂದು ಕಡೆಯ ಸಾಲು,
ಕೆಳಗೆ ಅಧ್ಯಕ್ಷರ ರುಜುವಿಗೆ ಜಾಗ.
ವಿಷಯ ಎಂಟರಲ್ಲಿ ಬೆರಳಿಟ್ಟು ಕೂತಿದ್ದೇನೆ,
ಇಲ್ಲ ಎಂಬ ಆ ಎರಡಕ್ಷರದ ಮೇಲೆ.
ಡಿಸೆಂಬರು. ಮೂರೂವರೆಗೇ ಮಬ್ಬು.
ಆ ಕಡೆಯಿಂದ ಶಾಲೆ ಬಿಟ್ಟ ಗದ್ದಲ,
ಒಂದು ಲಾರಿಯ ಬ್ರೇಕು,
ಮತ್ತೆ ಗದ್ದಲ, ಸದ್ಯ.
ಪೆನ್ನಿನ ಮುಚ್ಚಳ ತೆಗೆದೆ.
ಬಲಕ್ಕೊಮ್ಮೆ ನೋಡಿದೆ.